ಹುಲ್ಲು ತೃಣಮಾತ್ರವೇ?

ಅಲ್ಪವಾದ ವಸ್ತುವನ್ನು ಕುರಿತು ಹೇಳಬೇಕಾದಾಗ 'ತೃಣಮಾತ್ರ'ವೆಂದೂ, ಒಬ್ಬನು ಇನ್ನೊಬ್ಬನನ್ನು ಲಕ್ಷ್ಯಕ್ಕೆ ತಾರದೆ ಹೋದಾಗ 'ತೃಣೀಕರಿಸಿದನು' ಎಂದೂ ಹೇಳುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿಯಾಗಿದೆ. ಆದರೆ ಮನೆಯ ಹಿತ್ತಿಲಲ್ಲಿ ಒಂದು ಹಸುವನ್ನಾದರೂ ಕಟ್ಟಿ ಸಾಕಿದ ಗೃಹಸ್ಥನು ಈ ಮಾತನ್ನು ಎಂದಿಗೂ ಒಪ್ಪಲಾರನು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹಿತ್ತಿಲ ಬಣವೆಯು ದಿನದಿನಕ್ಕೆ ಕುಗ್ಗುತ್ತ ಬರುವಾಗ ಅವನ ಎದೆಯೂ ಅದರೊಡನೆ ಕುಗ್ಗುವುದು. ಮಕ್ಕಳ ಹಾಲು, ಮನೆಯ ಮೊಸರು, ದೇವರ ದೀಪದ ತುಪ್ಪ ಇವೆಲ್ಲವೂ ಮೊದಲು ಹುಲ್ಲಾಗಿದ್ದುವೇ ಅಲ್ಲವೆ? ಆದಕಾರಣ ಈ ಸಲ ವಾಚಕರ ಮುಂದೆ ಹುಲ್ಲಿನ ವಿಷಯವನ್ನೇ ಇಡಬೇಕೆಂದು ನಾವು ಸಂಕಲ್ಪಿಸಿದ್ದೇವೆ.

ನಮ್ಮ ಪೂರ್ವಿಕರು ಹುಲ್ಲನ್ನು ಹಗುರವಾಗಿ ಎಣಿಸಿದವರಲ್ಲ. ಅಮರಸಿಂಹನ ಕೋಶವನ್ನು ತೆರೆದು ನೋಡಿದರೆ ಎಳೆಯ ಹುಲ್ಲಿಗೆ ಶಷ್ಪವೆಂದೂ, ದನಗಳು ಮೇಯುವ ಹುಲ್ಲಿಗೆ ಘಾಸ, ಯವಸವೆಂದೂ, ಕಾಳು ಕಳೆದುಳಿದ ದಂಟಿಗೆ ಪಲಾಲವೆಂದೂ, ಹೊಟ್ಟಿಗೆ ಬುಸವೆಂದೂ ಬೇರೆ ಬೇರೆ ಹೆಸರುಗಳು ದೊರೆಯುತ್ತವೆ. ಇಂದು ಅಂಗಡಿಯಲ್ಲಿ ನಾವು ಕೊಳ್ಳುವ ಬೂಸಾ ಈ ಬುಸದ ಬಂಧುವೇ ಸರಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯಂತೂ ಗೋವುಗಳ ಮೇಲ್ವಿಚಾರಣೆಗೆಂದೇ ಗೋಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಮೂಗುದಾರ ಹಾಕಿದ, ಕುದುರೆಯಂತೆ ನಡೆಯಬಲ್ಲ ಎತ್ತಿಗೆ ಅರ್ಧ ಭಾರ ಯವಸ, ಅದರ ಇಮ್ಮಡಿ ಸಾಮಾನ್ಯ ತೃಣ, ಒಂದು ತುಲಾ ಹಿಂಡಿ, ಹತ್ತು ಆಢಕ ತೌಡು, ಐದು ಪಲ ಉಪ್ಪು ಎಂದು ಅಲ್ಲಿ ಲೆಕ್ಕ ಹಾಕಿ ವಿಧಿಸಲಾಗಿದೆ. ಈ ಗ್ರಂಥದ ತಾಳೆಯೋಲೆಯನ್ನು ೧೯೦೫ರಲ್ಲಿ ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಎಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಹಸುರು ಮೇವು, ಒಣ ಮೇವು, ಹಿಂಡಿ, ತೌಡು, ಉಪ್ಪು ಎಂಬ ಈ ಪಂಚಾಂಗವನ್ನು ಇಂದಿನ ಪಶುವೈದ್ಯರೂ ಹೇಳುತ್ತಾರೆ. ತೂಕದ ಹೆಸರುಗಳು ಮಾತ್ರ ಬದಲಾಗಿವೆ.

ಒಂದು ಹೆಸರು, ಎರಡು ವಸ್ತು

ಕನ್ನಡದಲ್ಲಿ ಹುಲ್ಲು ಎಂಬ ಒಂದೇ ಶಬ್ದವು ಎರಡು ವಸ್ತುಗಳಿಗೆ ಸಲ್ಲುವುದರಿಂದ ಮೊದಲು ಅವನ್ನು ಬೇರ್ಪಡಿಸಿ ಹೇಳುವುದು ಆವಶ್ಯಕ. ರಾಗಿ, ಭತ್ತ, ಜೋಳ ಮೊದಲಾದ ಪೈರುಗಳು ಬಲಿತು ಕಾಳನ್ನು ಕೊಟ್ಟ ಮೇಲೆ ಉಳಿಯುವ ಒಣ ದಂಟು ಒಂದು ಬಗೆ. ಇದರಲ್ಲಿದ್ದ ಸತ್ವದ ಬಹುಭಾಗವು ಕಾಳಿಗೆ ಏರಿ ಹೋಗಿರುತ್ತದೆ. ಹುಲ್ಲು ಇನ್ನೂ ಹಸುರಾಗಿ ಹೂ ಬಿಡುವ ಹೊತ್ತಿನಲ್ಲಿಯೇ ಅದನ್ನು ಕೊಯ್ದು, ಸತ್ವ ಕೆಡದಂತೆ ಒಣಗಿಸಿ ಇಟ್ಟುಕೊಂಡುದು ಎರಡನೆಯ ಬಗೆ. ಮೊದಲನೆಯದು ಅನ್ನ ಬಸಿದ ಗಂಜಿಯಂತೆ. ಎರಡನೆಯದು ಮಳೆಗಾಲಕ್ಕೆಂದು ಮಾಡಿಟ್ಟ ಹಪ್ಪಳ ಸಂಡಿಗೆಯಂತೆ. ಗೃಹಿಣಿಯರಿಗೆ ಈ ಭೇದವನ್ನು ಇದಕ್ಕಿಂತ ಹೆಚ್ಚಾಗಿ ವಿವರಿಸಬೇಕಾದುದಿಲ್ಲ.

ಬಿಸಿಲು ಇರುವಾಗಲೇ ಹುಲ್ಲನ್ನು ಒಣಗಿಸಿಕೊ ಎಂಬ ಗಾದೆಯು ಇಂಗ್ಲಿಷರಲ್ಲಿದೆ. ಅದೇ ಅರ್ಥದಲ್ಲಿ ನಮ್ಮವರು ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಎರಡೂ ಒಕ್ಕಲಿಗನ ಬಾಯಿಂದ ಹೊರಟ ಮಾತುಗಳೇ. ಆದರೆ ಅವರ ಮನಸ್ಸು ಹುಲ್ಲುಗಾವಲಿನ ಮೇಲೆ, ನಮ್ಮವರ ಮನಸ್ಸು ಕಣದ ಮೇಲೆ. ಆ ಶೀತದೇಶದಲ್ಲಿ ಚಳಿಗಾಲ ಬಂದಿತೆಂದರೆ ಹೊಲದಲ್ಲಿ ಹುಲ್ಲು ಬೆಳೆಯುವುದು ನಿಂತುಹೋಗುವುದು. ಬೇಸಗೆಯಲ್ಲಿ ಒಣಗಿಸಿ ಇಡದಿದ್ದರೆ ದನಕ್ಕೆ ಉಪವಾಸವೇ ಗತಿ. ನಮ್ಮ ಮೈಸೂರು ಸೀಮೆಯಲ್ಲಿ ಹಿಮದ ಕಾಟವಿಲ್ಲ; ಮಾಘದಿಂದ ಜ್ಯೇಷ್ಠದವರೆಗಿನ ಒಣಗಾಲವೇ ನಮ್ಮ ದನಗಳ ಪಾಲಿನ ಚಳಿಗಾಲ. ಅಷ್ಟು ದಿನ ದಾಟಿಸುವ ಭಾರವನ್ನು ರಾಗಿಯ ಹುಲ್ಲಿಗೆ ಒಪ್ಪಿಸಿ ನಮ್ಮವರು ನಿಶ್ಚಿಂತರಾದರು. ಮನುಷ್ಯನಿಗೆ ಕಾಳು, ದನಕ್ಕೆ ಹುಲ್ಲು ಎಂದು ಒಂದೇ ಪೈರು ಮನೆಯ ಎರಡು ಪಂಕ್ತಿಗಳಿಗೂ ಬಡಿಸುತ್ತಿದ್ದಿತು.

ಕತ್ರಿಗುಪ್ಪೆಯಲ್ಲಿ ಹುಲ್ಲಿನ ಗತಿ

ಬೆಂಗಳೂರಿನ ದಕ್ಷಿಣದಲ್ಲಿರುವ ಕತ್ರಿಗುಪ್ಪೆಯನ್ನು ಇಂದು ನೋಡುವವರಿಗೆ ಅದು ಅಂಗಡಿಬೀದಿಗಳೂ ಮಹಡಿಮನೆಗಳೂ ವಾಹನಗಳ ಸಂದಣಿಯೂ ತುಂಬಿದ ಪೇಟೆಯಾಗಿ ತೋರುವುದು. ಕಾಗದಪತ್ರಗಳಲ್ಲಿ ಮಾತ್ರ ಅದು ಬೆಂಗಳೂರು ದಕ್ಷಿಣ ತಾಲ್ಲೂಕು, ಉತ್ತರಹಳ್ಳಿ ಹೋಬಳಿಯ ಒಂದು ಗ್ರಾಮ. ಗುಪ್ಪೆಯೆಂದರೆ ನಮ್ಮ ಭಾಷೆಯಲ್ಲಿ ರಾಶಿ. ಗೊಬ್ಬರದ ಗುಪ್ಪೆ, ಕಾಳಿನ ಗುಪ್ಪೆ ಎಂದು ಒಕ್ಕಲಿಗರ ಬಾಯಲ್ಲಿ ಅದು ದಿನನಿತ್ಯದ ಮಾತು. ಬನಶಂಕರಿಯ ಬಡಾವಣೆಗಳು ಹಬ್ಬಿ ಬರುವುದಕ್ಕೆ ಮುಂಚೆ ಇಲ್ಲಿಯ ಮನೆಗಳ ಹಿಂದೆ ಇಂತಹ ಗುಪ್ಪೆಗಳಿಗೆ ಕೊರತೆಯಿರಲಿಲ್ಲ. ರಾಗಿಯ ಸಾಲುಗಳ ನಡುವೆ ಅವರೆ, ಹೊಲದ ಅಂಚಿಗೆ ಹರಳು, ಕೆಂಪು ನೆಲದಲ್ಲಿ ಹುರುಳಿ ಕಡಲೆಕಾಯಿ ಇವೇ ಈ ಸೀಮೆಯ ಬೆಳೆಗಳು. ಬಸವನಗುಡಿಯ ದೊಡ್ಡ ಬಸವಣ್ಣನಿಗೆ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದು ಈ ಹೊಲಗಳ ನೆನಪಿನಿಂದಲೇ. ಹೊಲವನ್ನು ನುಗ್ಗಿ ತಿನ್ನುತ್ತಿದ್ದ ಬಸವನನ್ನು ಶಾಂತಪಡಿಸಲು ರೈತರು ಮೊದಲ ಫಸಲನ್ನು ಒಪ್ಪಿಸಿದರೆಂದು ಐತಿಹ್ಯವು ಹೇಳುತ್ತದೆ. ಮೇವಿನ ಪ್ರಶ್ನೆಯೇ ಉತ್ಸವವಾಗಿ ಪರಿಣಮಿಸಿದುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಹೊಲಗಳು ಹೋದುವು, ಹಸುಗಳು ಮಾತ್ರ ಸಂಪೂರ್ಣವಾಗಿ ಹೋಗಲಿಲ್ಲ. ನಗರವು ನುಂಗಿದ ಹಳ್ಳಿಗಳ ಹಳೆಯ ಓಣಿಗಳಲ್ಲಿ ಈಗಲೂ ಒಂದೊಂದು ಕೊಟ್ಟಿಗೆಯಲ್ಲಿ ಎರಡು ಮೂರು ಹಸುಗಳನ್ನು ಕಟ್ಟಿ ಹಾಲು ಮಾರಿ ಜೀವಿಸುವ ಸಂಸಾರಗಳಿವೆ. ಅಂತಹ ಒಬ್ಬ ವೃದ್ಧೆಯನ್ನು ನಾವು ಬಲ್ಲೆವು. ಪತಿಯನ್ನು ಕಳೆದುಕೊಂಡ ಮೇಲೆ ಮೊಮ್ಮಗಳ ಓದಿನ ವೆಚ್ಚವನ್ನು ಎರಡು ಹಸುಗಳ ಹಾಲಿನಿಂದಲೇ ಸಾಗಿಸುತ್ತಿರುವ ಆಕೆಯೊಡನೆ ಒಮ್ಮೆ ಮಾತನಾಡುತ್ತ, "ಅಮ್ಮಾ, ಹಸು ಎಷ್ಟು ಹಾಲು ಕೊಡುತ್ತದೆ?" ಎಂದು ಕೇಳಿದೆವು. ಆಕೆ ನಕ್ಕು, "ಹಸು ಎಲ್ಲಿ ಕೊಡ್ತದೆ ಮೇಷ್ಟ್ರೇ, ಹುಲ್ಲು ಕೊಡ್ತದೆ. ಹುಲ್ಲಿನ ಗಾಡಿ ನಿಂತ ದಿನ ಹಾಲೂ ನಿಂತಂಗೇ" ಎಂದಳು. ಮಾಗಡಿ, ಕನಕಪುರ, ಆನೇಕಲ್ಲುಗಳ ಕಡೆಯಿಂದ ಟೆಂಪೋಗಳಲ್ಲಿ ಬರುವ ರಾಗಿಹುಲ್ಲೇ ಆಕೆಗೆ ಆಧಾರ. ಸುಗ್ಗಿಯಲ್ಲಿ ಅಗ್ಗವಾಗಿ ದೊರೆಯುವ ಹುಲ್ಲು ಬೇಸಗೆಯ ಕೊನೆಗೆ ಬಹಳ ತುಟ್ಟಿಯಾಗುತ್ತದೆ. ವೈಶಾಖದಲ್ಲಿ ಒಂದೊಂದು ಹೊರೆಯನ್ನು ಬಿಡಿಬಿಡಿಯಾಗಿ ಕೊಳ್ಳುತ್ತ ಹೋಗಿ ಹಾಲಿನ ಹಣವೆಲ್ಲ ಹುಲ್ಲಿಗೇ ಸಂದು, ಒಂದು ವರ್ಷ ಆಕೆ ಒಂದು ಹಸುವನ್ನು ಮಾರಿಬಿಡುವ ನಿಶ್ಚಯಕ್ಕೆ ಬಂದಿದ್ದಳು. ಆಕೆ ಪಾರಾದ ಬಗೆಯನ್ನು ಮುಂದೆ ಹೇಳುತ್ತೇವೆ. ಅದಕ್ಕೆ ಮುನ್ನ ಹುಲ್ಲಿನ ಗುಣವನ್ನು ತಿಳಿಯಬೇಕು.

ರಾಗಿಯ ಹುಲ್ಲಿನ ಮೇಲ್ಮೆ

ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳಲ್ಲಿ ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯನ್ನು ಕುಡುಗೋಲಿನಿಂದ ಕೊಯ್ದು, ಹೊಲದಲ್ಲಿಯೇ ಕೆಲವು ದಿನ ಒಣಗಲು ಬಿಟ್ಟು, ಸಿವುಡು ಕಟ್ಟಿ, ತೆನೆಗಳು ಒಳಮುಖವಾಗಿರುವಂತೆ ಮೆದೆ ಒಟ್ಟುವುದು ವಾಡಿಕೆ. ತಿಂಗಳೆರಡು ತಿಂಗಳು ಬಿಟ್ಟು, ಕಣ ಮಾಡಿ, ಸಾರಿಸಿ, ಎತ್ತುಗಳಿಗೆ ರೋಣಗಲ್ಲನ್ನು ಕಟ್ಟಿ ತುಳಿಸಿ ಕಾಳನ್ನು ಬೇರೆ ಮಾಡುತ್ತಿದ್ದರು. ಕಲ್ಲು ಉರುಳಿದಾಗ ದಂಟು ಜಜ್ಜಿ ಮೆತ್ತಗಾಗುವುದರಿಂದ ದನವು ಅದನ್ನು ಬಿಡದೆ ತಿನ್ನುವುದು. ಇಂದು ಹಲವೆಡೆ ರೈತರು ಡಾಂಬರು ರಸ್ತೆಯ ಮೇಲೆ ತೆನೆಯನ್ನು ಹರಡಿ ಓಡಾಡುವ ವಾಹನಗಳಿಂದಲೇ ಈ ಕೆಲಸವನ್ನು ಮಾಡಿಸಿಕೊಳ್ಳುತ್ತಾರೆ. ಅಂತಹ ಹುಲ್ಲಿಗೆ ಮಣ್ಣೂ ಎಣ್ಣೆಯೂ ಮೆತ್ತುತ್ತವೆ. ದಾರಿಹೋಕರಿಗೂ ಅಪಾಯ ತಪ್ಪಿದ್ದಲ್ಲ. ಕೊಯ್ಯುವ ಯಂತ್ರಗಳು ಬಂದ ಮೇಲೆ ಹುಲ್ಲು ಹೊಲದಲ್ಲಿಯೇ ಚೆಲ್ಲಿ ಬೀಳುವುದೂ, ಇನ್ನೊಂದು ಯಂತ್ರವು ಬಂದು ಅದನ್ನು ಸುರುಳಿ ಸುತ್ತುವುದೂ ಈಗ ಸಾಮಾನ್ಯ ದೃಶ್ಯವಾಗಿದೆ. ಬಣವೆ ಒಟ್ಟುವ ಕೈಗಳು ಕಡಿಮೆಯಾದ ಕಾಲದಲ್ಲಿ ಸುರುಳಿಯು ಸಾಗಿಸುವುದಕ್ಕೆ ಅನುಕೂಲವೇ. ತೇವವಿರುವಾಗ ಸುತ್ತಿದರೆ ಮಾತ್ರ ನಡುವೆ ಬೂಸಲು ಹಿಡಿಯುವುದು.

ದನದ ಹುಲ್ಲಿಗಾಗಿ ರಾಗಿಯನ್ನು, ಅನ್ನಕ್ಕಾಗಿ ಭತ್ತವನ್ನು ಎಂದು ಹಳಬರು ಸುಮ್ಮನೆ ಹೇಳಲಿಲ್ಲ. ಭತ್ತದ ಹುಲ್ಲಿನಲ್ಲಿ ಮರಳಿನ ಜಾತಿಯ ಸಿಲಿಕಾಂಶವು ಬಹಳ. ಅದು ಜೀರ್ಣಕ್ಕೆ ಅಡ್ಡಿ. ಅದರಲ್ಲಿರುವ ಆಕ್ಸಲಿಕ್ ಆಮ್ಲದ ಲವಣಗಳು ಸುಣ್ಣದಂಶವನ್ನು ಹಿಡಿದಿಟ್ಟುಕೊಂಡು ದನಕ್ಕೆ ದಕ್ಕದಂತೆ ಮಾಡುತ್ತವೆ. ರಾಗಿಯ ಕಾಳಿನಲ್ಲಿರುವಂತೆ ಅದರ ಹುಲ್ಲಿನಲ್ಲಿಯೂ ಸುಣ್ಣದಂಶ ಚೆನ್ನಾಗಿದೆ. ಇಷ್ಟಾದರೂ ಎರಡರಲ್ಲಿಯೂ ಮಾಂಸಪೋಷಕವಾದ ಪ್ರೋಟೀನು ನೂರಕ್ಕೆ ೩-೪ ಭಾಗ ಮಾತ್ರ. ಸಕಾಲದಲ್ಲಿ ಕೊಯ್ದು ಒಣಗಿಸಿದ ಒಳ್ಳೆಯ ಹುಲ್ಲಿನಲ್ಲಿ ಅದು ಇಮ್ಮಡಿಯಾಗಬಲ್ಲದು. ಕುದುರೆಮಸಾಲೆ ಎಂದು ನಮ್ಮವರು ಕರೆಯುವ ಲೂಸರ್ನ್ ಸೊಪ್ಪನ್ನು ಒಣಗಿಸಿದರೆ ನೂರಕ್ಕೆ ೧೫ಕ್ಕೂ ಮೇಲೆ ಇರುವುದು. ಬರಿಯ ರಾಗಿಹುಲ್ಲು ಹಸುವಿನ ಪ್ರಾಣವನ್ನು ಉಳಿಸುವುದೇ ಹೊರತು ಹಾಲನ್ನು ಕೊಡಿಸದು.

ಹಸುರನ್ನು ಒಣಗಿಸುವ ಕ್ರಮ

ಕನ್ನಡನಾಡಿಗೆ ಒಣಗಿಸಿದ ಹುಲ್ಲಿನ ಪರಿಚಯವೇ ಇಲ್ಲವೆಂದು ಯಾರೂ ಭಾವಿಸಬಾರದು. ಶಿರಸಿ, ಸಾಗರಗಳ ಕಡೆ ಅಡಕೆ ತೋಟಗಳಿಗೆ ಸೇರಿದ ಬೇಣಗಳಲ್ಲಿ ಬೆಳೆಯುವ ಹುಲ್ಲನ್ನು ಮಳೆ ಹಿಂದೆಗೆದ ಮೇಲೆ ಕೊಯ್ದು ಒಣಗಿಸಿ ಕರಡವೆಂದು ಒಟ್ಟಿಡುವುದು ಹಳೆಯ ಪದ್ಧತಿ. ಮೈಸೂರು ಅರಸರ ಪಶುಸಂಪತ್ತಿಗೆ ಕಾವಲುಗಳೆಂಬ ಹುಲ್ಲುಗಾಡುಗಳು ಮೀಸಲಾಗಿದ್ದುವು. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆನಿಸಿದ್ದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪುಸುಲ್ತಾನನು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ವಿಂಗಡಿಸಿ ದನಗಳನ್ನು ಋತುವಿಗೆ ತಕ್ಕಂತೆ ಅಟ್ಟುತ್ತಿದ್ದುದರಿಂದ ನಿಂತ ಹುಲ್ಲೇ ಅಲ್ಲಿ ಸಂಗ್ರಹವಾಗಿತ್ತು. ಆ ತಳಿಯನ್ನು ಕಾಪಾಡುವ ಕೇಂದ್ರವು ಈಗಲೂ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ.

ಹುಲ್ಲನ್ನು ಒಣಗಿಸುವವರು ಮೊದಲು ತಿಳಿಯತಕ್ಕದ್ದು ಕಾಲ. ಹೂ ಬಿಡಲು ತೊಡಗಿದಾಗ ಕೊಯ್ಯಬೇಕು. ಬೀಜ ಕಟ್ಟಿದ ಮೇಲೆ ತೂಕ ಹೆಚ್ಚುವುದು, ಸತ್ವ ಇಳಿಯುವುದು. ಇಲ್ಲಿಯೇ ನಮ್ಮ ಸೀಮೆಗೆ ಒಂದು ತೊಡಕು: ಹುಲ್ಲು ಸೊಗಸಾಗಿರುವ ಶ್ರಾವಣ ಭಾದ್ರಪದಗಳಲ್ಲಿ ಬಿಸಿಲಿಲ್ಲ, ಬಿಸಿಲು ಬರುವ ಹೊತ್ತಿಗೆ ಹುಲ್ಲು ಬಲಿತಿರುತ್ತದೆ. ಆದುದರಿಂದ ಮಳೆಯ ನಡುವೆ ನಾಲ್ಕು ದಿನ ಬಿಡುವು ದೊರೆತಾಗ ಅದನ್ನು ಕಳೆಯದೆ ಉಪಯೋಗಿಸಿಕೊಳ್ಳುವುದೂ, ನೀರಿನ ಅನುಕೂಲವಿದ್ದವರು ಚಳಿಗಾಲದಲ್ಲಿ ಅಲಸಂದೆ, ಕುದುರೆಮಸಾಲೆಗಳನ್ನು ಬೆಳೆದು ಒಣಗಿಸುವುದೂ ಜಾಣತನ. ಸೀಮೆಹುಲ್ಲೆಂದು ಪ್ರಸಿದ್ಧವಾದ ನೇಪಿಯರ್ ಹುಲ್ಲಿನ ದಂಟು ದಪ್ಪವಾದುದರಿಂದ ಒಳಗೆ ಬೇಗ ಒಣಗದು. ಅದನ್ನು ಕತ್ತರಿಸಿ ಗಾಳಿಯಾಡದಂತೆ ತುಂಬಿ ರಸಮೇವು ಮಾಡುವುದೇ ಲೇಸು. ಗಿನಿ ಹುಲ್ಲು, ರೋಡ್ಸ್ ಹುಲ್ಲು, ಗರಿಕೆ ಮೊದಲಾದ ಸಣ್ಣ ದಂಟಿನವು ಒಣಗಿಸಲು ಯೋಗ್ಯ.

ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು ತೆಳ್ಳಗೆ ಹರಡಬೇಕು. ಮಧ್ಯಾಹ್ನಕ್ಕೊಮ್ಮೆ ಸಂಜೆಗೊಮ್ಮೆ ತಿರುವಿಹಾಕಬೇಕು. ಬಾಡಿದ ಕೂಡಲೆ ಸಣ್ಣ ಗುಪ್ಪೆಗಳಾಗಿ ಮಾಡಿ ಮೆಲ್ಲನೆ ಒಣಗಬಿಡಬೇಕು. ಅತಿಯಾದ ಬಿಸಿಲಿನಲ್ಲಿ ಹುಲ್ಲು ಬಿಳಿಚಿಕೊಂಡರೆ ದನದ ಕಣ್ಣಿಗೂ ಗರ್ಭಕ್ಕೂ ಬೇಕಾದ ಎ ಜೀವಸತ್ವದ ಮೂಲವು ನಷ್ಟವಾಗುವುದು. ಬೇಳೆಜಾತಿಯ ಸೊಪ್ಪುಗಳ ಎಲೆಗಳು ಒಣಗಿದಂತೆಲ್ಲ ಉದುರುವುವು. ಸತ್ವವೆಲ್ಲ ಎಲೆಯಲ್ಲಿಯೇ ಇರುವುದರಿಂದ ಅವನ್ನು ನೆರಳಿನಲ್ಲಿ, ಬೇಲಿಯ ಮೇಲೆ ಅಥವಾ ಕೋಲುಗಳ ಮೇಲೆ ಹರಡಿ ಒಣಗಿಸಿ ಬೆಳಗಿನ ತಂಪಿನಲ್ಲಿ ಸಾಗಿಸಬೇಕು. ಹಸುರು ಹುಲ್ಲಿನಲ್ಲಿ ನೂರಕ್ಕೆ ೭೫-೮೦ ಭಾಗ ನೀರೇ. ಅದು ೧೫ಕ್ಕೆ ಇಳಿಯುವ ತನಕ ಒಟ್ಟಬಾರದು. ಹೀಗೆ ನೋಡಿದರೆ ೧೦೦ ಕಿಲೋ ಹಸುರಿನಿಂದ ದೊರೆಯುವ ಒಣಹುಲ್ಲು ೨೫-೩೦ ಕಿಲೋವನ್ನು ಮೀರಲಾರದು.

ಒಣಗಿತೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ. ಒಂದು ಹಿಡಿ ಹುಲ್ಲನ್ನು ಎರಡು ಕೈಗಳಿಂದ ಹಿಂಡಿ ತಿರುಚಿದಾಗ ರಸ ಜಿನುಗಬಾರದು. ಗೆಣ್ಣಿನ ಬಳಿ ಮುರಿಯಬೇಕು. ಅಡಿಗೆಮನೆಯ ಇನ್ನೊಂದು ಪರೀಕ್ಷೆಯೂ ಇದೆ: ತುಂಡು ಮಾಡಿದ ಹುಲ್ಲನ್ನು ಒಣ ಪುಡಿಯುಪ್ಪಿನೊಡನೆ ಗಾಜಿನ ಭರಣಿಯಲ್ಲಿ ಹಾಕಿ ಮುಚ್ಚಿ ಸ್ವಲ್ಪ ಹೊತ್ತು ಕುಲುಕಬೇಕು. ಉಪ್ಪು ಬಿಡಿಬಿಡಿಯಾಗಿಯೇ ಉಳಿದರೆ ಹುಲ್ಲು ಒಣಗಿದೆ. ಮುದ್ದೆಗಟ್ಟಿದರೆ ಇನ್ನೂ ಬಿಸಿಲು ಬೇಕು.

ಬಣವೆಯ ಶಾಸ್ತ್ರ

ಚೆನ್ನಾಗಿ ಒಣಗಿಸಿದ ಹುಲ್ಲನ್ನೂ ಕೆಟ್ಟ ಬಣವೆಯು ಹಾಳುಮಾಡಬಲ್ಲದು. ನೆಲದ ತೇವ ಏರದಂತೆ ಕಲ್ಲುಗಳ ಮೇಲೆ ಮರದ ಅಡ್ಡೆಗಳನ್ನು ಹಾಸಿ ಅದರ ಮೇಲೆ ಒಟ್ಟಬೇಕು. ನಡುಭಾಗವನ್ನು ಯಾವಾಗಲೂ ಅಂಚಿಗಿಂತ ಎತ್ತರವಾಗಿಟ್ಟು ತುಳಿಯುತ್ತ ಬಂದರೆ ಮಳೆಯ ನೀರು ಹೊರಕ್ಕೆ ಜಾರುವುದು. ನೆತ್ತಿಯನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಹೊದಿಸಿ, ಗಾಳಿಗೆ ಹಾರದಂತೆ ಹಗ್ಗದಲ್ಲಿ ಕಲ್ಲು ಕಟ್ಟಿ ಇಳಿಬಿಡಬೇಕು. ತೇವದ ಹುಲ್ಲನ್ನು ಒಟ್ಟಿದರೆ ಒಳಗೆ ಸೂಕ್ಷ್ಮಜೀವಿಗಳು ಬೆಳೆದು ಶಾಖವು ಹುಟ್ಟುವುದು. ಶಾಖವು ಮೇರೆಮೀರಿದಾಗ ಬೆಂಕಿಕಡ್ಡಿಯ ಸಹಾಯವಿಲ್ಲದೆಯೇ ಬಣವೆ ಹೊತ್ತಿಕೊಳ್ಳುವುದುಂಟು. ಹೊಸ ಬಣವೆಯ ಒಳಕ್ಕೆ ಉದ್ದವಾದ ಕಬ್ಬಿಣದ ಸಲಾಕೆಯನ್ನು ತೂರಿಸಿಟ್ಟು ಆಗಾಗ ಹಿರಿದು ಮುಟ್ಟಿ ನೋಡಬೇಕು. ಕೈ ತಾಳದಷ್ಟು ಸುಟ್ಟರೆ ಕೂಡಲೆ ಬಣವೆಯನ್ನು ಬಿಚ್ಚಿ ಆರಿಸುವ ಯೋಚನೆ ಮಾಡಬೇಕು. ಆಗ ಬಕೆಟ್ಟುಗಳಲ್ಲಿ ನೀರನ್ನು ಸಿದ್ಧವಾಗಿಟ್ಟುಕೊಂಡಿರುವುದು ಕ್ಷೇಮ. ಮನೆಗೆ, ಕೊಟ್ಟಿಗೆಗೆ, ವಿದ್ಯುತ್ತಿನ ತಂತಿಗೆ ಬಣವೆಯನ್ನು ದೂರವಾಗಿಯೇ ಹಾಕತಕ್ಕದ್ದು.

ಬೂಸಲು ಹಿಡಿದ ಹುಲ್ಲನ್ನು ಕೊಡವಿ ತಿನ್ನಿಸೋಣವೆಂಬ ಜಿಪುಣತನ ಸಲ್ಲದು. ಬೂಸಲಿನ ವಿಷದಿಂದ ದನಗಳ ಬಾಲದ ತುದಿ, ಕಿವಿ, ಕಾಲುಗಳು ಕೊಳೆತುಹೋಗುವ ವ್ಯಾಧಿಯುಂಟಾಗುವುದು. ಎಮ್ಮೆಗಳಿಗೆ ಭತ್ತದ ಹುಲ್ಲಿನಿಂದ ಇದು ವಿಶೇಷವಾಗಿ ತಗಲುವುದು. ಬೂಸಲು ಹಿಡಿದ ಹಿಂಡಿಯ ವಿಷವಂತೂ ಹಾಲಿನ ಮೂಲಕ ನಮ್ಮ ಮಕ್ಕಳ ಬಟ್ಟಲಿಗೇ ಬರಬಹುದು.

ಹಸುವಿನ ಹೊಟ್ಟೆಗೆ ಹುಲ್ಲೇಕೆ ಬೇಕು?

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯ ದೊಡ್ಡ ಕೋಣೆಯಲ್ಲಿ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ನೆಲಸಿ, ಮನುಷ್ಯನಿಗೆ ಜೀರ್ಣವಾಗದ ನಾರನ್ನು ಒಡೆದು ಹಸುವಿಗೆ ಆಹಾರವನ್ನಾಗಿ ಮಾಡಿಕೊಡುತ್ತವೆ. ಹಸು ಮೆಲುಕು ಹಾಕಬೇಕಾದರೆ ನಾರು ಬೇಕೇ ಬೇಕು. ಮೆಲುಕಿನಿಂದ ಜೊಲ್ಲು, ಜೊಲ್ಲಿನಿಂದ ಹೊಟ್ಟೆಯ ಹುಳಿಯ ಶಮನ. ಹಾಲು ಹೆಚ್ಚಲೆಂದು ಬರಿಯ ಹಿಂಡಿ ಬೂಸಾಗಳನ್ನೇ ಸುರಿದು ಹುಲ್ಲನ್ನು ಕಡಿಮೆ ಮಾಡಿದರೆ ಹಾಲಿನ ಜಿಡ್ಡು ಇಳಿದು, ಬೆಣ್ಣೆ ಬಾರದೆ, ಕೊನೆಗೆ ಹಸುವೇ ಕಾಯಿಲೆ ಬೀಳುವುದು.

ಸಾಮಾನ್ಯವಾಗಿ ಹಸುವಿನ ಮೈತೂಕದ ನೂರಕ್ಕೆ ೨.೫ರಿಂದ ೩ ಭಾಗದಷ್ಟು ಒಣ ಅಂಶವು ದಿನಕ್ಕೆ ಬೇಕು. ೪೦೦ ಕಿಲೋ ತೂಗುವ ಹಸುವಿಗೆ ಇದು ೧೦-೧೨ ಕಿಲೋ ಆಗುವುದು. ಇದರಲ್ಲಿ ಮೂರನೆಯ ಎರಡು ಭಾಗ ಮೇವು, ಒಂದು ಭಾಗ ಹಿಂಡಿ ಬೂಸಾ. ಹಸುರೂ ದೊರೆಯುವ ಮನೆಯಲ್ಲಿ ಒಣಹುಲ್ಲು ದಿನಕ್ಕೆ ೫-೬ ಕಿಲೋ ಸಾಕು. ಮಾಘದಿಂದ ಜ್ಯೇಷ್ಠದವರೆಗಿನ ೧೫೦ ದಿನಗಳಿಗೆ ಒಂದು ಹಸುವಿಗೆ ೯೦೦ ಕಿಲೋ ಹುಲ್ಲನ್ನು ಇಟ್ಟುಕೊಂಡರೆ ಮನೆಯವರು ನೆಮ್ಮದಿಯಿಂದ ಮಲಗಬಹುದು. ಹುಲ್ಲನ್ನು ಕತ್ತರಿಸಿ ಗೋದಲಿಯಲ್ಲಿ ಹಾಕಬೇಕು. ಉದ್ದನೆಯ ಹುಲ್ಲನ್ನು ದನವು ಎಳೆದು ತುಳಿದು ಕೆಡಿಸುವುದು. ಎಳೆಯದಾದ ಅಥವಾ ಮಳೆಯಿಲ್ಲದೆ ಕುಂಟಿದ ಹಸಿ ಜೋಳವನ್ನು ಮಾತ್ರ ಎಂದಿಗೂ ಹಾಕಕೂಡದು. ಅದರಲ್ಲಿರುವ ವಿಷವು ಗಳಿಗೆಯಲ್ಲಿ ದನವನ್ನು ಕೊಲ್ಲಬಲ್ಲದು.

ಒಣಹುಲ್ಲನ್ನು ಸತ್ವಯುತವನ್ನಾಗಿ ಮಾಡುವ ಒಂದು ಉಪಾಯವನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ೪ ಕಿಲೋ ಯೂರಿಯಾವನ್ನು ೪೦ ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ೧೦೦ ಕಿಲೋ ಹುಲ್ಲಿನ ಮೇಲೆ ಪದರಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮುಚ್ಚಿ ೩ ವಾರ ಬಿಟ್ಟರೆ ಹುಲ್ಲು ಮೆದುವಾಗಿ ಅದರ ಪ್ರೋಟೀನು ಸುಮಾರು ಇಮ್ಮಡಿಯಾಗುವುದು. ತೆಗೆದ ಮೇಲೆ ಗಾಳಿಗೆ ಹರಡಿ ವಾಸನೆ ಹೋದ ಬಳಿಕ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು. ೬ ತಿಂಗಳೊಳಗಿನ ಕರುವಿಗೆ ಇದನ್ನು ಕೊಡಬಾರದು. ಯೂರಿಯಾವನ್ನು ಹಾಗೆಯೇ ನೆಕ್ಕಿದರೆ ಅದು ವಿಷ. ಹತ್ತಿರದ ಪಶುವೈದ್ಯರನ್ನು ಒಮ್ಮೆ ಕೇಳಿಯೇ ಇದನ್ನು ಕೈಕೊಳ್ಳತಕ್ಕದ್ದು.

ಈ ವಿದ್ಯೆಗೆ ಬೆಂಗಳೂರೇ ಒಂದು ಗುರುಕುಲವಾಗಿದೆಯೆಂಬುದನ್ನು ನಮ್ಮ ನಗರವಾಸಿಗಳು ಹೆಚ್ಚಾಗಿ ಅರಿತಿಲ್ಲ. ೧೯೨೩ರಲ್ಲಿ ಇಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ಸ್ಥಾಪಿತವಾಯಿತು. ೧೯೨೭ರಲ್ಲಿ ಆರೋಗ್ಯಸುಧಾರಣೆಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಹೋಗಿ ಕೆಲವು ದಿನ ಶಿಷ್ಯರಂತೆ ಪಶುಪಾಲನೆಯನ್ನು ಕಲಿತರು. ೧೯೫೫ರಲ್ಲಿ ಮುಖ್ಯ ಸಂಸ್ಥೆಯು ಕರ್ನಾಲಿಗೆ ಹೋದ ಮೇಲೆ ಇಲ್ಲಿ ಅದರ ದಕ್ಷಿಣ ಕೇಂದ್ರವು ಉಳಿದಿದೆ. ಆಡುಗೋಡಿಯಲ್ಲಿಯೇ ೧೯೯೫ರಲ್ಲಿ ಪ್ರಾಣಿಗಳ ಪೋಷಣೆ ಮತ್ತು ಶರೀರಕ್ರಿಯೆಗಳ ರಾಷ್ಟ್ರೀಯ ಸಂಸ್ಥೆಯು ಹುಟ್ಟಿತು. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಸೃಷ್ಟಿಸಿ ರಾಗಿಯ ಬೆಳೆಯನ್ನು ಹೆಚ್ಚಿಸಿದುದೂ ನಮ್ಮ ನಾಡಿನಲ್ಲಿಯೇ.

ಬರಗಾಲದ ಪಾಠ

ಹುಲ್ಲಿನ ಬೆಲೆ ತಿಳಿಯುವುದು ಬರದಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನಡುಗಿ ಹೇಳುತ್ತಿದ್ದ ೧೮೭೬-೭೮ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಅವರೊಡನೆ ದನಗಳೂ ಲೆಕ್ಕವಿಲ್ಲದೆ ಸತ್ತುವು. ಬರದ ಕಾಲದಲ್ಲಿ ಮನೆಯ ಮಾಡಿಗೆ ಹೊದಿಸಿದ ಹುಲ್ಲನ್ನೇ ಕಿತ್ತು ದನಗಳಿಗೆ ಹಾಕುವುದುಂಟು. ಎತ್ತು ಸತ್ತ ಮನೆಯಲ್ಲಿ ಮುಂದಿನ ವರ್ಷ ಮಳೆ ಬಂದರೂ ಉಳುವವರಾರು? ೨೦೨೩ರಲ್ಲಿಯೂ ನಮ್ಮ ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ನೂರು ದನಗಳಿಗೆ ೩೦ ಎಕರೆಯಂತೆ ಗೋಮಾಳವನ್ನು ಬಿಡಬೇಕೆಂದು ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ನಿಯಮವು ಪುಸ್ತಕದಲ್ಲಿ ಹಸುರಾಗಿದೆ; ನೆಲವು ಅನೇಕ ಊರುಗಳಲ್ಲಿ ಮನೆಗಳಿಗೂ ರಸ್ತೆಗಳಿಗೂ ಸಂದುಹೋಗಿದೆ.

ಈಗ ನಮ್ಮ ಕತ್ರಿಗುಪ್ಪೆಯ ವೃದ್ಧೆಯ ಸಮಾಚಾರವನ್ನು ಪೂರ್ತಿಗೊಳಿಸಬೇಕು. ಹಸುವನ್ನು ಮಾರುವ ದಿನ ಗೊತ್ತಾಗಿದ್ದಾಗ ನೆರೆಯ ಎರಡು ಮನೆಯವರು ಆಕೆಗೆ ತಮ್ಮ ಹುಲ್ಲನ್ನು ಕಡವಾಗಿ ಕೊಟ್ಟು ಆ ಬೇಸಗೆಯನ್ನು ದಾಟಿಸಿದರು. ಮರುವರ್ಷ ಸಂಕ್ರಾಂತಿಯಲ್ಲಿ ಹಸುಗಳಿಗೆ ಕಿಚ್ಚು ಹಾಯಿಸಿದ ವಾರದಲ್ಲಿಯೇ ಮೂವರೂ ಚೀಟಿಯ ಹಣ ಸೇರಿಸಿ, ಮಾಗಡಿಯ ಕಡೆಯ ಒಬ್ಬ ರೈತನಿಂದ ಕಣದಲ್ಲಿಯೇ ಇಡೀ ಬಣವೆಯನ್ನು ಮಾತಾಡಿ ಕೊಂಡುತಂದು ಒಂದು ಖಾಲಿ ನಿವೇಶನದಲ್ಲಿ ಒಟ್ಟಿದರು. ಹುಲ್ಲು ಕತ್ತರಿಸುವ ಯಂತ್ರವೂ ಮೂವರಿಗೆ ಒಂದೇ. "ಒಬ್ರೇ ಕೊಂಡ್ರೆ ಹೊರೆ ಲೆಕ್ಕ ಮೇಷ್ಟ್ರೇ, ಮೂವರು ಸೇರಿದ್ರೆ ಬಣವೆ ಲೆಕ್ಕ" ಎಂಬುದು ಆಕೆಯ ಅರ್ಥಶಾಸ್ತ್ರ. ಹಸುಗಳೆರಡೂ ಇವೆ; ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ.

ಹಸುವಿಲ್ಲದ ಮನೆಗಳಿಗೆ

ನಮಗೆ ಹಸುವಿಲ್ಲ, ಪ್ಯಾಕೆಟ್ಟಿನ ಹಾ���ು ಬರುವುದು, ಹುಲ್ಲಿನ ಗೊಡವೆ ನಮಗೇಕೆ ಎಂದು ನಗರದ ಸೋದರಿಯರು ಕೇಳಬಹುದು. ಹುಲ್ಲು ತುಟ್ಟಿಯಾದಾಗ ಬಡ ಒಡೆಯನು ಹಾಲು ಕರೆದ ಮೇಲೆ ಹಸುವನ್ನು ಬೀದಿಗೆ ಬಿಡುತ್ತಾನೆ. ಅದು ನಮ್ಮ ನಮ್ಮ ಬಾಗಿಲ ಮುಂದಿನ ಕಸದಲ್ಲಿ ಹೊಟ್ಟೆ ಹೊರೆಯುವುದು. ಪ್ಲಾಸ್ಟಿಕ್ ಚೀಲಗಳನ್ನು ಕರ್ನಾಟಕದಲ್ಲಿ ೨೦೧೬ರಲ್ಲಿ ನಿಷೇಧಿಸಿದ್ದರೂ ಉಳಿದ ಅನ್ನವನ್ನು ಅದರಲ್ಲಿಯೇ ಗಂಟುಕಟ್ಟಿ ಎಸೆಯುವವರು ಇನ್ನೂ ಇದ್ದಾರೆ. ಗಂಟು ಬಿಚ್ಚಲರಿಯದ ಪ್ರಾಣಿಯು ಚೀಲಸಮೇತ ನುಂಗುವುದು. ಚೀಲವು ಹೊಟ್ಟೆಯ ಆ ದೊಡ್ಡ ಕೋಣೆಯಲ್ಲಿ ಜೀರ್ಣವಾಗದೆ, ಹೊರಕ್ಕೂ ಹೋಗದೆ ಕೂಡುತ್ತ ಬಂದು, ಶಸ್ತ್ರಕ್ರಿಯೆ ಮಾಡಿದಾಗ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರಬಿದ್ದ ನಿದರ್ಶನಗಳು ನಮ್ಮ ದೇಶದಲ್ಲಿ ಅನೇಕವಾಗಿವೆ. ಹುಲ್ಲಿರಬೇಕಾದ ಜಾಗದಲ್ಲಿ ಚೀಲ ತುಂಬಿದ ಹಸು ಹೊಟ್ಟೆ ಉಬ್ಬಿಯೂ ಹಸಿವಿನಿಂದಲೇ ಸಾಯುವುದು.

ಆದುದರಿಂದ ನಮ್ಮ ಬಿನ್ನಹವು ಇಷ್ಟೆ: ತರಕಾರಿಯ ಸಿಪ್ಪೆ, ಸೊಪ್ಪಿನ ದಂಟು, ಬಾಳೆಲೆ ಇವನ್ನು ಚೀಲಕ್ಕೆ ಹಾಕದೆ ಒಂದು ಬುಟ್ಟಿಯಲ್ಲಿ ಬೇರೆಯಾಗಿಟ್ಟು, ಹತ್ತಿರದ ಕೊಟ್ಟಿಗೆಯವರಿಗೆ ದಿನವೂ ತಾಜಾ ಆಗಿ ಮುಟ್ಟಿಸಿರಿ. ಅನ್ನ, ಹುಳಿತ ಹಿಟ್ಟು ಹಬ್ಬದೂಟದ ಶೇಷವನ್ನು ಹಸುವಿನ ಮುಂದೆ ರಾಶಿ ಸುರಿಯಬೇಡಿರಿ. ಅದು ಪುಣ್ಯವಾಗದೆ ಅಜೀರ್ಣವಾಗಿ ಕೊಲ್ಲುವುದು. ಹುಟ್ಟುಹಬ್ಬಕ್ಕೋ ಶ್ರಾದ್ಧಕ್ಕೋ ಗೋಗ್ರಾಸವನ್ನು ಕೊಡಬೇಕೆಂಬ ಶ್ರದ್ಧೆಯುಳ್ಳವರು ಬಾಳೆಹಣ್ಣಿನ ಗೊನೆಯ ಬದಲಾಗಿ ಗೋಶಾಲೆಗೋ ಬಡ ಕೊಟ್ಟಿಗೆಗೋ ಸುಗ್ಗಿಯ ಕಾಲದಲ್ಲಿಯೇ ನಾಲ್ಕು ಹೊರೆ ರಾಗಿಹುಲ್ಲನ್ನು ಕೊಡಿಸಿರಿ. ಮಾಘದಲ್ಲಿ ಕೊಟ್ಟ ಹುಲ್ಲು ವೈಶಾಖದಲ್ಲಿ ಹಾಲಾಗುವುದು. ಅದನ್ನು ತೃಣಮಾತ್ರವೆಂದು ಹೇಳಲು ಯಾರಿಗೆ ಬಾಯಿ ಬಂದೀತು? ಇತ್ಯಲಂ.